ಓಕುಳಿ ನೀರು ಹೊಳೆ ಸೇರಿದ ದಿನ

ನಿಮ್ಮ ಮನೆಯ ಮುಂದಿನ ಮೋರಿಗೆ ಬಿದ್ದ ನೀರು ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆ? ‘ಎಲ್ಲೋ ಹೋಗುತ್ತದೆ’ ಎಂಬುದು ಉತ್ತರವಲ್ಲ. ‘ರಾಜಕಾಲುವೆಗೆ’ ಎಂಬುದು ಅರ್ಧ ಉತ್ತರ. ಅಲ್ಲಿಂದ ಮುಂದೆ?

ಕಳೆದ ಅಕ್ಟೋಬರಿನವರೆಗೆ ಈ ಪ್ರಶ್ನೆಗೆ ನನ್ನ ಬಳಿಯೂ ಉತ್ತರವಿರಲಿಲ್ಲ. ಇದನ್ನು ಒಪ್ಪಿಕೊಳ್ಳುವುದು ನನಗೆ ಸುಲಭದ ಕೆಲಸವಲ್ಲ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಯೆಂದರೆ ಊಟ ಬಿಟ್ಟು ಓಡುತ್ತಿದ್ದವಳು ನಾನು. ವಿಷಯದ ಪರವಾಗಿ ಹತ್ತು ನಿಮಿಷ, ವಿರುದ್ಧವಾಗಿ ಹತ್ತು ನಿಮಿಷ, ಎರಡನ್ನೂ ಅಷ್ಟೇ ಆವೇಶದಿಂದ ಮಂಡಿಸಬಲ್ಲೆನೆಂಬ ಹೆಮ್ಮೆ ನನಗಿತ್ತು. ಈಗ ಅದೇ ನಾಲಗೆಯನ್ನು ಬೆಂಗಳೂರಿನ ಜೆ.ಪಿ. ನಗರದ ನಮ್ಮ ಬೀದಿಯ ಒಳಿತಿಗಾಗಿ ದುಡಿಸುತ್ತಿದ್ದೇನೆ. ನಮ್ಮದು ಏಳೆಂಟು ಜನರ ಸಣ್ಣ ಗುಂಪು. ಮಳೆನೀರಿನ ಕಾಲುವೆಗೆ ಕೊಳಕು ಸೇರಬಾರದು, ಕೆರೆ ಹಾಳಾಗಬಾರದು, ಅದಕ್ಕೆ ಕಟ್ಟುನಿಟ್ಟಾದ ನಿಯಮ ಬೇಕು, ನಿಯಮ ಮೀರಿದವರಿಗೆ ದಂಡ ಬೇಕು ಎಂದು ಮನವಿ ಬರೆಯುತ್ತೇವೆ, ಸಭೆ ಸೇರುತ್ತೇವೆ. ದಂಡದ ಮಾತು ಬಂದಾಗಲೆಲ್ಲ ನನ್ನ ಧ್ವನಿ ಒಂದು ಮೆಟ್ಟಿಲು ಮೇಲಕ್ಕೇರುತ್ತಿತ್ತು.

ನಮ್ಮಕ್ಕ ವಸುಧಾ ಇರುವುದು ನ್ಯೂಜಿಲೆಂಡಿನ ಉತ್ತರ ದ್ವೀಪದ ಒಂದು ಪುಟ್ಟ ಊರಿನಲ್ಲಿ. ದಸರಾ ರಜೆಯಲ್ಲಿ ಅವಳಲ್ಲಿಗೆ ಹೊರಟಾಗ, ಅಲ್ಲಿಯ ಪುರಸಭೆ ನೀರನ್ನು ಹೇಗೆ ಕಾಯುತ್ತದೆಂದು ನೋಡಿ ಬರುವ ಸಂಕಲ್ಪವನ್ನೂ ಪೆಟ್ಟಿಗೆಗೆ ತುಂಬಿಕೊಂಡೆ. ಹೊರಡುವ ದಿನ ಬೆಳಿಗ್ಗೆ, ನಮ್ಮ ಮನೆಗೆಲಸಕ್ಕೆ ಬರುವ ಮಂಜುಳಮ್ಮ ಎಂದಿನಂತೆ ಸೋಪಿನ ಪುಡಿ ಕದಡಿದ ನೀರನ್ನು ಗೇಟಿನ ಮುಂದೆ ಎರಚಿ, ಪೊರಕೆಯಿಂದ ಮೋರಿಗೆ ತಳ್ಳುತ್ತಿದ್ದರು. “ಫಾರಿನ್ನಲ್ಲಿ ಮೋರಿ ಹೆಂಗಿರ್ತದೆ ಅಂತ ಸರಿಯಾಗಿ ನೋಡ್ಕೊಂಡು ಬನ್ನಿ ಅಕ್ಕ” ಎಂದರು. ತಮಾಷೆಯೆಂದುಕೊಂಡು ನಕ್ಕೆ.

ವಿಮಾನ ನಿಲ್ದಾಣ: ಬೂಟಿನ ಮಣ್ಣು

ಹೊರದೇಶದ ಮಣ್ಣು, ಬೀಜ, ಹುಳುಹುಪ್ಪಟೆ ಒಳಗೆ ಬರದಂತೆ ಆ ದೇಶದವರು ಬಾಗಿಲಲ್ಲೇ ಕಾಯುತ್ತಾರೆ. ‘ಕೆರೆ, ಕಾಡು, ಹೊಲಗಳಲ್ಲಿ ಓಡಾಡಿದ ಪಾದರಕ್ಷೆ ತಂದಿದ್ದೀರಾ?’ ಎಂಬ ಪ್ರಶ್ನೆಗೆ ‘ಹೌದು’ ಎಂದು ಗುರುತು ಹಾಕಿದೆ. ಭಾನುವಾರಗಳಲ್ಲಿ ಕೆರೆಯ ಏರಿಯ ಮೇಲೆ ನಡೆಯುವ ನನ್ನ ಬೂಟುಗಳು ಪೆಟ್ಟಿಗೆಯ ತಳದಲ್ಲಿದ್ದವು.

ಅಧಿಕಾರಿಯೊಬ್ಬರು ಬೂಟನ್ನು ತಿರುಗಿಸಿ ಅಡಿಯನ್ನು ಪರೀಕ್ಷಿಸಿದರು. ಗೀರುಗಳಲ್ಲಿ ಬೆಂಗಳೂರಿನ ಕಪ್ಪು ಕೆಸರು ಒಣಗಿ ಕುಳಿತಿತ್ತು. ದಂಡ ಹಾಕುತ್ತಾರೆಂದು ಮನಸ್ಸಿನಲ್ಲೇ ನನ್ನ ವಾದವನ್ನು ಜೋಡಿಸಿಕೊಳ್ಳತೊಡಗಿದೆ. ಆತ ಬೂಟು ಹಿಡಿದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಎರಡನ್ನೂ ತೊಳೆದು, ಒರೆಸಿ, ತಂದುಕೊಟ್ಟರು. “ನೀವೇ ಹೇಳಿದ್ದಕ್ಕೆ ಧನ್ಯವಾದ” ಎಂದರು.

ನನಗೆ ನಾಚಿಕೆಯಾಯಿತು. ನಾನು ಹುಟ್ಟಿದಾಗಿನಿಂದ ನನ್ನ ಬೂಟನ್ನು ಇನ್ನೊಬ್ಬರು ತೊಳೆದದ್ದಿಲ್ಲ. ತಪ್ಪನ್ನು ತಾನಾಗಿಯೇ ಹೇಳಿದವರನ್ನು ಆ ದೇಶ ಬೇರೆ ರೀತಿ ನಡೆಸಿಕೊಳ್ಳುತ್ತದೆಂಬ ಪಾಠ ಅಲ್ಲೇ ಸಿಕ್ಕಿತ್ತು. ಆದರೆ ಅದನ್ನು ಬೂಟಿನ ಜೊತೆಗೇ ಪೆಟ್ಟಿಗೆಗೆ ಹಾಕಿ ಮುಚ್ಚಿಬಿಟ್ಟೆ.

ಭಾನುವಾರ: ಹುಲ್ಲಿನ ಮೇಲೆ ಕಾರು

ಅಕ್ಕನ ಮನೆಯಲ್ಲಿ ಮೊದಲ ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿದರೆ, ಶ್ರೀಧರ ಭಾವ ಕಾರನ್ನು ಮನೆಮುಂದಿನ ಹಸಿರು ಹುಲ್ಲಿನ ಮೇಲೆ ಹತ್ತಿಸಿ ನಿಲ್ಲಿಸಿದ್ದರು. ಭಾವ ಆ ಊರಿನಲ್ಲಿ ಬಸ್ಸು ಓಡಿಸುತ್ತಾರೆ. ಗಾಡಿ ನಿಲ್ಲಿಸುವ ಜಾಗ ತಿಳಿಯದವರಲ್ಲ.

“ಏನು ಭಾವ, ಕಾರಿಗೆ ಹುಲ್ಲು ಮೇಯಿಸ್ತಾ ಇದೀರಾ?”

“ತೊಳೀಬೇಕಲ್ಲ ಕಣಮ್ಮ. ರೋಡ್ ಮೇಲೆ ತೊಳೆದ್ರೆ ಸೋಪ್ ನೀರು ಡ್ರೈನಿಗೆ ಹೋಗತ್ತೆ. ಇಲ್ಲಾದ್ರೆ ಮಣ್ಣು ಕುಡ್ಕೊಳತ್ತೆ.”

“ಯಾರಾದ್ರೂ ಬಂದು ಚೆಕ್ ಮಾಡ್ತಾರಾ?”

“ಯಾರೂ ಬರಲ್ಲ.”

“ಮತ್ತೆ?”

“ಮತ್ತೇನು ಮತ್ತೆ? ಬಕೆಟ್ ಹಿಡ್ಕೊ ಬಾ.”

ಕಾರು ತೊಳೆಯುತ್ತ ಭಾವ ಅಲ್ಲಿಯ ವ್ಯವಸ್ಥೆಯನ್ನು ವಿವರಿಸಿದರು. ಬಚ್ಚಲು, ಅಡುಗೆಮನೆ, ಶೌಚಾಲಯದ ನೀರು ಒಳಚರಂಡಿಯಲ್ಲಿ ಹರಿದು, ಶುದ್ಧೀಕರಣ ಘಟಕದಲ್ಲಿ ತಿಳಿಯಾಗಿ ಹೊರಬರುತ್ತದೆ. ರಸ್ತೆಯಂಚಿನ ಜಾಲರಿಗಳ ಕಥೆ ಬೇರೆ. ಅವು ಮಳೆನೀರಿಗಾಗಿ ಮಾತ್ರ ಇರುವ ಬಾಯಿಗಳು. ಅಲ್ಲಿ ಬಿದ್ದದ್ದು ಯಾವ ಶುದ್ಧೀಕರಣವೂ ಇಲ್ಲದೆ ನೇರವಾಗಿ ಹೊಳೆಗೆ ಸೇರುತ್ತದೆ. ಆದ್ದರಿಂದ ಪುರಸಭೆಯ ನಿಯಮಕ್ಕೆ ಒಂದೇ ಸಾಲಿನ ಸಾರ: ಆ ಜಾಲರಿಗೆ ಮಳೆಯ ಹೊರತು ಇನ್ನೇನೂ ಇಳಿಯಕೂಡದು. ಬಣ್ಣ ಬಳಿದ ಕುಂಚವನ್ನು ಮನೆಯೊಳಗಿನ ತೊಟ್ಟಿಯಲ್ಲೇ ತೊಳೆಯಬೇಕು. ಮನೆ ಕಟ್ಟುವವರು ಮಣ್ಣಿನ ರಾಶಿ ಕೊಚ್ಚಿಹೋಗದಂತೆ ಸುತ್ತ ಬಟ್ಟೆಯ ಬೇಲಿ ಹಾಕಬೇಕು. ನಾಯಿ ಹೊರಗೆ ಮಾಡಿದ್ದನ್ನು ನಾಯಿಯ ಯಜಮಾನರು ಚೀಲದಲ್ಲಿ ಹೊತ್ತು ಮನೆಗೆ ಮರಳಬೇಕು. ಗಂಭೀರ ಮುಖದ ಹಿರಿಯರು ಆ ಪುಟ್ಟ ಚೀಲವನ್ನು ದೇವಸ್ಥಾನದ ಪ್ರಸಾದದಷ್ಟು ಜೋಪಾನವಾಗಿ ಹಿಡಿದು ನಡೆಯುವುದನ್ನು ನಾನೇ ಕಂಡೆ.

ಇವೆಲ್ಲವನ್ನೂ ದಿನಚರಿಯಲ್ಲಿ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದೆ. ನಮ್ಮ ಎದುರುಮನೆಯ ಅಂಕಲ್ ದಿನವೂ ಪೈಪು ಹಿಡಿದು ರಸ್ತೆಯಲ್ಲೇ ಕಾರಿಗೆ ಅಭಿಷೇಕ ಮಾಡುವ ದೃಶ್ಯ ಕಣ್ಣಮುಂದೆ ಬಂತು. ಊರಿಗೆ ಹೋದೊಡನೆ ಅವರಿಗೆ ಹೇಳಬೇಕಾದ ಮಾತಿನ ಮೊದಲ ವಾಕ್ಯವೂ ಸಿದ್ಧವಾಯಿತು.

ಬುಧವಾರ: ಆಯುಧಪೂಜೆ

ಈಗ ಅಕ್ಕನ ದೋಸೆಗಾಡಿಯ ವಿಷಯ ಹೇಳಬೇಕು. ಶಾಲೆಯೊಂದರ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ಬ್ರೆಡ್ಡಿಗೆ ಬೆಣ್ಣೆ ಸವರಿದ ಅಕ್ಕ, ಕೊನೆಗೆ ಆ ಕೆಲಸ ಬಿಟ್ಟು, ಕಾರಿನ ಹಿಂದೆ ಕಟ್ಟಿಕೊಂಡು ಹೋಗುವಂಥ ಒಂದು ಹಳೆಯ ಗಾಡಿಯನ್ನು ಕೊಂಡಿದ್ದಳು. ಊರಿನ ಶನಿವಾರದ ಸಂತೆಯಲ್ಲಿ ಅವಳಿಗೆ ಒಂದು ಜಾಗ ತೆರವಾಗಿತ್ತು. ಪುರಸಭೆಯ ಒಪ್ಪಿಗೆ ಪತ್ರ ಶುಕ್ರವಾರದೊಳಗೆ ಬಂದರೆ ಜಾಗ ಅವಳದು. ಬಾರದಿದ್ದರೆ ಸರದಿಯಲ್ಲಿ ನಿಂತ ಮುಂದಿನವರದು. ಮತ್ತೆ ಕೇಳಬೇಕೆಂದರೆ ಮುಂದಿನ ವರ್ಷ. ಅಕ್ಕ ಆ ವಾರವೆಲ್ಲ ಫೋನು ಕೂಗಿದರೆ ಸೌಟು ಹಿಡಿದೇ ಓಡುತ್ತಿದ್ದಳು.

ಆಯುಧಪೂಜೆ ಬುಧವಾರ ಬಂದಿತ್ತು. ಹೊಸದಾಗಿ ಕೊಂಡ ಗಾಡಿಗೆ ಪೂಜೆ ಮಾಡದೆ ಇರುವುದುಂಟೇ? ಗಾಡಿ ರಸ್ತೆಯಂಚಿನಲ್ಲಿ ನಿಂತಿತ್ತು. ಭಾವ ಕೆಲಸಕ್ಕೆ ಹೋಗಿದ್ದರು, ಅಕ್ಕ ಹೂವು ಹುಡುಕಿಕೊಂಡು ಪೇಟೆಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಎಲ್ಲವನ್ನೂ ಅಣಿಮಾಡಿ ಚಕಿತಗೊಳಿಸೋಣವೆಂದುಕೊಂಡೆ. ತೊಳೆಯದ ನೆಲದ ಮೇಲೆ ರಂಗೋಲಿ ಹಾಕಬಾರದಲ್ಲ; ಮಂಜುಳಮ್ಮನ ಪದ್ಧತಿಯಂತೆ ಸೋಪಿನ ಪುಡಿ ಕದಡಿ ಗಾಡಿಯ ಮುಂದಿನ ರಸ್ತೆಯನ್ನು ಉಜ್ಜಿದೆ. ರಂಗೋಲಿ ಬಿಡಿಸಿದೆ. ಅಕ್ಕನ ದೇವರ ಗೂಡಿನಲ್ಲಿದ್ದ ಅರಿಶಿನಕ್ಕೆ ಸುಣ್ಣ ಬೆರೆಸಿ, ದೃಷ್ಟಿ ತೆಗೆಯಲು ಓಕುಳಿ ನೀರನ್ನೂ ಮಾಡಿದೆ. ಮನುಷ್ಯರಿಗಾದರೆ ಒಂದು ತಟ್ಟೆ ಸಾಕು. ಗಾಡಿ ದೊಡ್ಡದು, ದೇಶ ಹೊಸದು, ಯಾರ ಕಣ್ಣು ಹೇಗೋ ಎಂದು ಒಂದು ಬಕೆಟ್ಟಿನ ತುಂಬ ಕಲಸಿದೆ.

ಅಕ್ಕ ಬಂದಳು, ನೋಡಿ ಕಣ್ತುಂಬಿಕೊಂಡಳು. ಇಬ್ಬರೂ ಸೇರಿ ತಟ್ಟೆಯಲ್ಲಿ ಆರತಿ ಎತ್ತಿದೆವು. ಚಕ್ರಗಳಡಿ ನಿಂಬೆಹಣ್ಣಿಟ್ಟು ಗಾಡಿಯನ್ನು ಒಂದು ಗೇಣು ಮುಂದಕ್ಕೆ ತಳ್ಳಿದೆವು. ಪಾಯಸ ತಳ ಹಿಡಿಯುತ್ತದೆಂದು ಅಕ್ಕ ಒಳಗೆ ಓಡಿದಳು. ನಾನು ಗಾಡಿಯ ನಾಲ್ಕೂ ದಿಕ್ಕಿಗೆ ಬಕೆಟ್ಟನ್ನು ತೋರಿಸಿ, ಗಾಡಿಯ ಮುಂದೆ ಧಾರಾಳವಾಗಿ ಸುರಿದೆ. ಅದೇ ಗಳಿಗೆಗೆ ತುಂತುರು ಮಳೆಯೂ ಬಂತು. ಶುಭಶಕುನವೆಂದು ಕಣ್ಣು ಮುಚ್ಚಿ ಕೈಮುಗಿದು ನಿಂತೆ.

ಬಾಗಿಲಿಗೆ ಬಂದ ಅಕ್ಕ ಕೆಂಪು ನೀರು ಹೊರಟ ದಿಕ್ಕನ್ನು ನೋಡಿದಳು.

“ಶಾರೀ, ಎಲ್ಲಿಗೆ ಸುರಿದ್ಯೇ ಅದನ್ನ?”

“ಎಲ್ಲಿಗೆ ಅಂದ್ರೆ? ರೋಡಿಗೆ. ಮೋರಿಗೆ ಹೋಗತ್ತೆ ಬಿಡು.”

“ಅಯ್ಯೋ ದೇವ್ರೇ! ಅದು ಮೋರಿ ಅಲ್ಲ ಕಣೇ, ಹೊಳೆ!”

ನಮ್ಮ ಕಣ್ಣು ಒಟ್ಟಿಗೆ ರಸ್ತೆಯಂಚಿನ ಜಾಲರಿಯ ಕಡೆ ಹೊರಳಿತು. ಅಲ್ಲೊಂದು ದೃಶ್ಯ. ಎಂಬತ್ತರ ಆಸುಪಾಸಿನ ಪಕ್ಕದ ಮನೆಯ ಅಜ್ಜಿ, ಜೂನ್ ಎಂದು ಹೆಸರು, ಮನೆಯ ಚಪ್ಪಲಿಯಲ್ಲೇ ಓಡಿಬಂದು, ತನ್ನ ಬಿಳಿಯ ಸ್ನಾನದ ಟವೆಲನ್ನು ಸುರುಳಿ ಸುತ್ತಿ ಜಾಲರಿಯ ಬಾಯಿಗೆ ಅಡ್ಡ ಇಟ್ಟು, ಅದು ತೇಲದಂತೆ ಮಡಚುವ ಕುರ್ಚಿ ತಂದು ಟವೆಲಿನ ಮೇಲೆ ಕಾಲೂರಿ ಕುಳಿತಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು. ಟವೆಲು ಆಗಲೇ ಕುಂಕುಮದ ಬಣ್ಣಕ್ಕೆ ತಿರುಗಿತ್ತು.

“ಪುರಸಭೆಗೆ ಫೋನ್ ಮಾಡಿದ್ದೇನೆ, ವಸುಧಾ” ಎಂದರು ಅಲ್ಲಿಂದಲೇ. (ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಕೊಡುತ್ತಿದ್ದೇನೆ.) “ಸೋಪು ಕಂಡಾಗ ಮಾಡಲೋ ಬೇಡವೋ ಅಂದುಕೊಂಡೆ. ಕೆಂಪು ಕಂಡಮೇಲೆ ಯೋಚಿಸಲಿಲ್ಲ. ದೂರು ಕೊಟ್ಟವಳು ನಾನೇ ಎಂದು ನಿಮಗೆ ಗೊತ್ತಿರಲಿ.”

ನಮ್ಮ ಕಡೆ ದೂರು ಕೊಟ್ಟವರು ಕಿಟಕಿಯ ಪರದೆಯ ಹಿಂದಿರುತ್ತಾರೆ. ದೂರು ಯಾರ ಮೇಲೋ ಅವರು ಆರು ತಿಂಗಳು ಎಲ್ಲರನ್ನೂ ಅನುಮಾನಿಸುತ್ತಾರೆ. ಎದುರಿಗೇ ಕುರ್ಚಿ ಹಾಕಿಕೊಂಡು ‘ನಾನೇ’ ಎನ್ನುವ ದೂರನ್ನು ನಾನು ಕಂಡದ್ದು ಅದೇ ಮೊದಲು. ಅಕ್ಕ ಮಾತ್ರ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. “ಮುಗೀತು. ಪತ್ರ ಕೊಡೋರೂ ಅದೇ ಆಫೀಸ್ನೋರು” ಎಂದಳು.

ಅದೇ ದಿನ: ಹೊಳೆಯ ದಡ

ಬಂದ ಅಧಿಕಾರಿಯ ಹೆಸರು ಮೆರೆ. ಆ ನಾಡಿನ ಮೂಲನಿವಾಸಿ ಹೆಣ್ಣುಮಗಳು, ಸುಮಾರು ನನ್ನದೇ ವಯಸ್ಸು, ಮೊಣಕಾಲಿನವರೆಗೆ ರಬ್ಬರಿನ ಬೂಟು. ಮಾತಿಗೆ ಮೊದಲು ಕೆಲಸ: ಟವೆಲಿನ ಆಚೆಗೆ ಮರಳಿನ ಉದ್ದ ಚೀಲವೊಂದನ್ನಿಟ್ಟರು, ನಿಂತ ಕೆಂಪು ನೀರನ್ನು ಒಂದು ಯಂತ್ರದಿಂದ ಹೀರಿಸಿದರು. ಆಮೇಲೆ ಪುಸ್ತಕ ತೆಗೆದು, “ಸುರಿದವರು ಯಾರು?” ಎಂದು ಕೇಳಿದರು.

ಅಕ್ಕನ ಪಕ್ಕದಿಂದ ನಾನು ಎದ್ದು ನಿಂತೆ. ಅಕ್ಕ ನನ್ನ ಸೆರಗು ಜಗ್ಗಿ, “ವಾದ ಮಾಡ್ಬೇಡ ಕಣೇ, ಕೈಮುಗೀತೀನಿ” ಎಂದು ಕನ್ನಡದಲ್ಲಿ ಪಿಸುಗುಟ್ಟಿದಳು. ಆದರೆ ವೇದಿಕೆ ಕಂಡ ನಾಲಗೆ ಸುಮ್ಮನಿರಲಿಲ್ಲ. ಮೊದಲನೆಯದಾಗಿ, ಇದು ಕೊಳಚೆಯಲ್ಲ, ಪೂಜೆಯ ನೀರು. ಎರಡನೆಯದಾಗಿ, ಇದರಲ್ಲಿ ರಾಸಾಯನಿಕವಿಲ್ಲ. ನಾವು ಅಡುಗೆಗೆ ಹಾಕುವ ಅರಿಶಿನವಷ್ಟೇ ಇರುವುದು. ಮೂರನೆಯದಾಗಿ, ಪ್ರಮಾಣ ಅತ್ಯಲ್ಪ.

ಮೆರೆ ಶ್ರದ್ಧೆಯಿಂದ ಕೇಳಿಸಿಕೊಂಡರು. “ಪೂಜೆಯನ್ನು ಗೌರವಿಸುತ್ತೇನೆ. ನಮ್ಮ ಹಿರಿಯರಿಗೂ ನೀರು ಪವಿತ್ರವೇ” ಎಂದರು. ಬಳಿಕ ಟವೆಲಿನ ತುದಿ ಎತ್ತಿ ಹಿಡಿದು ಒಂದೇ ಪ್ರಶ್ನೆ ಕೇಳಿದರು: “ಅರಿಶಿನ ಹಳದಿ ಅಲ್ಲವೇ? ಇದೇಕೆ ಕೆಂಪಾಗಿದೆ?”

ಎಷ್ಟೋ ಸ್ಪರ್ಧೆಗಳಲ್ಲಿ ಎಷ್ಟೋ ಖಂಡನೆಗಳನ್ನು ಎದುರಿಸಿದವಳು ನಾನು. ಆದರೆ ಇದಕ್ಕೆ ಒಂದೇ ಪದದ ಉತ್ತರವಿತ್ತು, ಮತ್ತು ಅದು ನನ್ನ ವಿರುದ್ಧವಿತ್ತು. “ಸುಣ್ಣ” ಎಂದೆ.

ಜೂನ್ ತಮ್ಮ ಹಿತ್ತಿಲಿನ ನಿಂಬೆಹಣ್ಣೊಂದನ್ನು ತಂದು ಟವೆಲಿನ ಮೇಲೆ ಹಿಂಡಿದರು. ಹನಿ ಬಿದ್ದಲ್ಲೆಲ್ಲ ಕೆಂಪು ಮಾಯವಾಗಿ ಹಳದಿ ಹೂವು ಅರಳಿದಂತಾಯಿತು. ಸುಣ್ಣದ ಕ್ಷಾರ ಇರುವವರೆಗೆ ಕೆಂಪು, ಹುಳಿ ಬಿದ್ದರೆ ಹಳದಿ. “ನೋಡಿ, ನಿಮ್ಮ ನೀರು ತಾನಾಗಿಯೇ ತಪ್ಪೊಪ್ಪಿಕೊಂಡಿದೆ” ಎಂದು ಮೆರೆ ನಕ್ಕರು. ಜೂನ್, “ಚಕ್ರದಡಿ ಸಿಕ್ಕಿ ಸತ್ತ ನಿಂಬೆಹಣ್ಣುಗಳ ಪರವಾಗಿ ಇದು” ಎಂದು ಸೇರಿಸಿದರು.

ಆಮೇಲೆ ಮೆರೆ ಅಕ್ಕನನ್ನೂ ನನ್ನನ್ನೂ ಮನೆಗಳ ಹಿಂದಿನ ಹೊಳೆಗೆ ಕರೆದೊಯ್ದರು. ಹೊಳೆಯೆಂದರೆ ಎರಡು ಮಾರಿನಷ್ಟೇ ಅಗಲ. ದಡದಲ್ಲೊಂದು ಸಿಮೆಂಟಿನ ಕೊಳವೆ ಬಾಯಿ ತೆರೆದಿತ್ತು. ನಮ್ಮ ಬೀದಿಯ ಜಾಲರಿ ಅಲ್ಲಿ ಮುಗಿಯುತ್ತಿತ್ತು, ನೂರು ಹೆಜ್ಜೆಯೂ ದೂರವಿಲ್ಲ. ಕೊಳವೆಯಿಂದ ಹೊರಟ ಕೆಂಪಿನ ಎಳೆಯೊಂದು ನೀರಿನಲ್ಲಿ ದಾರದಂತೆ ಸಾಗಿ ತೆಳುವಾಗುತ್ತಿತ್ತು. ಅದರಿಂದ ಸ್ವಲ್ಪ ಕೆಳಗೆ, ಬೆರಳುದ್ದದ ಮೀನಮರಿಗಳು ಗುಂಪಾಗಿ ಹರಿವಿಗೆ ಎದುರಾಗಿ ಈಜುತ್ತಿದ್ದವು. ಗಾಜಿನಿಂದ ಮಾಡಿದಂತಿದ್ದವು, ಕಣ್ಣುಗಳ ಚುಕ್ಕಿ ಬಿಟ್ಟರೆ ಮೈಯೆಲ್ಲ ಪಾರದರ್ಶಕ. ಸಮುದ್ರದಿಂದ ಹೊಳೆಗೆ ಅವು ಮರಳುವುದು ವರ್ಷದ ಇದೇ ಕಾಲದಲ್ಲಂತೆ.

“ಟವೆಲು ಇರದಿದ್ದರೆ ಇಡೀ ಬಕೆಟ್ಟು ಇವುಗಳ ಮೇಲೆ ಬರುತ್ತಿತ್ತು” ಎಂದರು ಮೆರೆ. “ನೈಸರ್ಗಿಕ ಎಂದಿರಿ. ಹಾಲೂ ನೈಸರ್ಗಿಕವೇ. ಹೊಳೆಗೆ ಬಿದ್ದರೆ ನೀರಿನಲ್ಲಿರುವ ಉಸಿರನ್ನೇ ಕಸಿಯುತ್ತದೆ. ಮೀನಿಗೆ ನಮ್ಮ ಉದ್ದೇಶ ತಿಳಿಯುವುದಿಲ್ಲ.”

ಅಕ್ಕ ದಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಮೀನುಗಳನ್ನೇ ನೋಡುತ್ತಿದ್ದಳು. “ಬೇಗೂರಲ್ಲಿ ಅಜ್ಜಿ ಮನೆಗೆ ಹೋದಾಗ ಕೆರೇಲಿ ಕಾಲು ಬಿಟ್ಟು ಕೂತ್ರೆ ಹಿಂಗೇ ಬಂದು ಕಚ್ಚೋವು, ಜ್ಞಾಪಕ ಇದ್ಯಾ ಶಾರಿ?” ಎಂದಳು. ಇತ್ತು.

ಆ ಕ್ಷಣದಲ್ಲಿ ನನ್ನ ತಪ್ಪಿನ ನಿಜವಾದ ಆಕಾರ ಕಂಡಿತು. ನಿಯಮ ನನಗೆ ಗೊತ್ತಿತ್ತು. ದಿನಚರಿಯಲ್ಲಿ ಅದರ ಕೆಳಗೆ ಎರಡು ಗೆರೆಗಳಿದ್ದವು. ಆದರೆ ‘ಕೊಳಕು’ ಎಂಬ ಪಟ್ಟಿಯಲ್ಲಿ ನಾನು ಬೇರೆಯವರ ಕಾರಿನ ಸೋಪನ್ನೂ ಬೇರೆಯವರ ಬಣ್ಣವನ್ನೂ ಬರೆದಿದ್ದೆನೇ ಹೊರತು, ನನ್ನ ಪೂಜೆಯ ನೀರಿಗೆ ಅಲ್ಲಿ ಜಾಗವೇ ಇರಲಿಲ್ಲ. ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆರೆಗೆ ಎಸೆದು ಕೈಮುಗಿಯುವವರನ್ನು ನಾನು ಎಷ್ಟು ಬಾರಿ ಟೀಕಿಸಿಲ್ಲ!

ಗುರುವಾರ: ಎರಡು ಸಾಲು

ಅಲ್ಲಿಯ ಕ್ರಮ ಹೀಗೆ: ಮೊದಲ ತಪ್ಪಿಗೆ ತಿಳಿವಳಿಕೆ, ಮತ್ತೆ ಮಾಡಿದರೆ ಲಿಖಿತ ಸೂಚನೆ, ಅದಕ್ಕೂ ಬಗ್ಗದಿದ್ದರೆ ದಂಡ. ಆದರೆ ಪ್ರತಿಯೊಂದಕ್ಕೂ ವರದಿ ಇರುತ್ತದೆ. ವರದಿಗೆ ಸುರಿದವರ ಹೇಳಿಕೆ ಬೇಕಿತ್ತು. ಸಂತೆಯ ಒಪ್ಪಿಗೆ ಪತ್ರ ಬರೆಯುವವರು ಆ ವರದಿಯನ್ನು ಓದುತ್ತಾರೆಂದು ಮೆರೆ ಮುಚ್ಚಿಡದೆ ಹೇಳಿದ್ದರು.

ಬೆಳಿಗ್ಗೆಯೇ ಕುಳಿತು ಎರಡು ಪುಟಗಳ ಹೇಳಿಕೆ ಸಿದ್ಧಪಡಿಸಿದೆ. ಸಾಂಸ್ಕೃತಿಕ ಹಿನ್ನೆಲೆ, ಉದ್ದೇಶದ ನಿರ್ಮಲತೆ, ಹವಾಮಾನದ ಪಾತ್ರ ಎಂಬ ಮೂರು ಭಾಗಗಳಿದ್ದವು. ಭಾವ ಅದನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದ್ರಲ್ಲಿ ಆದರೆ ಅನ್ನೋದು ಎಷ್ಟು ಸಲ ಬಂದಿದೆ ನೋಡು ತಾಯೀ. ಮಳೆ ಮೇಲೂ ತಪ್ಪು ಹೊರಿಸಿದೀಯ.”

“ಸಂದರ್ಭ ವಿವರಿಸ್ಬೇಕಲ್ವಾ ಭಾವ?”

“ಬಸ್ಸಲ್ಲಿ ನಾನು ಸ್ಟಾಪ್ ತಪ್ಪಿಸಿದ್ರೆ ಪ್ಯಾಸೆಂಜರಿಗೆ ಸಂದರ್ಭ ಹೇಳಲ್ಲ. ಸಾರಿ ಅಂತೀನಿ, ಬಾಗಿಲು ತೆಗೀತೀನಿ.”

ಅಕ್ಕ ಶನಿವಾರಕ್ಕೆಂದು ಅಕ್ಕಿ ನೆನೆಹಾಕಲು ಪಾತ್ರೆ ತೆಗೆದಿಟ್ಟುಕೊಂಡು, ನೆನೆಹಾಕಲೋ ಬೇಡವೋ ಎಂದು ಅದರ ಮುಂದೆ ನಿಂತಿದ್ದಳು. ಆ ಖಾಲಿ ಪಾತ್ರೆ ನೋಡಿ ನನ್ನ ಎರಡು ಪುಟಗಳನ್ನೂ ಹರಿದೆ. ಹೊಸ ಹಾಳೆಯಲ್ಲಿ ಬರೆದೆ: ‘ಸೋಪಿನ ನೀರನ್ನೂ ಸುಣ್ಣದ ನೀರನ್ನೂ ರಸ್ತೆಗೆ ಸುರಿದವಳು ನಾನು, ನಿಯಮ ನನಗೆ ಗೊತ್ತಿತ್ತು. ಅಕ್ಕನಿಗೆ ಇದು ತಿಳಿದಿರಲಿಲ್ಲ.’ ನನ್ನ ಜೀವನದಲ್ಲಿ ನಾನು ಮಂಡಿಸಿದ ಅತಿ ಚಿಕ್ಕ ವಾದ ಅದು.

ಮಧ್ಯಾಹ್ನ ಮೆರೆ ಗಾಡಿ ನೋಡಲು ಬಂದರು. ಪಾತ್ರೆ ತೊಳೆದ ನೀರು, ಕೈ ತೊಳೆದ ನೀರು ಸಂತೆಯಲ್ಲಿ ಎಲ್ಲಿಗೆ ಹೋಗುತ್ತದೆಂದು ಕೇಳಿದರು. ಅಕ್ಕ ಗಾಡಿಯ ಹೊಟ್ಟೆಯಡಿ ಬಗ್ಗಿ ಮುಚ್ಚಳವಿದ್ದ ಕ್ಯಾನೊಂದನ್ನು ಎಳೆದು ತೋರಿಸಿದಳು: ಎಲ್ಲವೂ ಇದರಲ್ಲಿ ತುಂಬುತ್ತದೆ, ಮನೆಗೆ ತಂದು ಅಡುಗೆಮನೆಯ ತೊಟ್ಟಿಗೆ ಸುರಿಯುತ್ತೇನೆ. ಕಾವಲಿ ಒರೆಸಿದ ಎಣ್ಣೆಗೆ ಬೇರೆ ಡಬ್ಬಿ. ಮೆರೆ ಬರೆದುಕೊಂಡರು, ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಹೊರಡುವಾಗ ನನ್ನತ್ತ ತಿರುಗಿ, “ನಾಳೆ ಬೆಳಿಗ್ಗೆ ಬಿಡುವಿದೆಯೇ? ಈ ಬೀದಿಯ ಜಾಲರಿಗಳಿಗೆ ಬಣ್ಣ ಬಳಿಯುವವರು ಬೇಕು” ಎಂದರು.

ಶುಕ್ರವಾರ: ನೀಲಿ ಮೀನು

ಪ್ರತಿ ಜಾಲರಿಯ ಪಕ್ಕದಲ್ಲೂ ಒಂದು ಮೀನಿನ ಚಿತ್ರ ಬರೆಯುವುದು ಆ ಊರಿನ ರೂಢಿ. ಇಲ್ಲಿ ಬಿದ್ದದ್ದು ಮೀನಿಗೆ ಮುಟ್ಟುತ್ತದೆಂದು ನೆನಪಿಸಲು. ನಮ್ಮ ಬೀದಿಯ ಮೀನುಗಳು ಮಾಸಿದ್ದವು. ಜೂನ್, ಇನ್ನಿಬ್ಬರು ನೆರೆಯವರು, ನಾನು ರಸ್ತೆಯಲ್ಲಿ ಮಂಡಿಯೂರಿದೆವು. ಮೀನಿನಾಕಾರಕ್ಕೆ ಕತ್ತರಿಸಿದ ಹಾಳೆಯನ್ನು ನೆಲಕ್ಕೊತ್ತಿ, ಕುಂಚದಿಂದ ನೀಲಿ ಬಣ್ಣ ತಟ್ಟುವುದಷ್ಟೇ ಕೆಲಸ. ರಂಗೋಲಿಯ ಅಚ್ಚು ಒತ್ತಿ ಗೊತ್ತಿದ್ದ ನನ್ನ ಕೈಗೆ ಅದು ಸಲೀಸಾಗಿ ಬಂತು. ನನ್ನ ಮೀನಿನ ಬಾಲ ಸ್ವಲ್ಪ ಮಾವಿನಕಾಯಿಯಂತಾದರೂ ಎಲ್ಲರೂ ಮೆಚ್ಚಿದರು.

ಆ ಮೆಚ್ಚುಗೆಯ ಗುಂಗಿನಲ್ಲಿ, ಮುಗಿಸಿದ ಕುಂಚವನ್ನು ಬಾಟಲಿಯ ನೀರಿನಿಂದ ಅಲ್ಲೇ ಜಾಲರಿಯ ಮೇಲೆ ತೊಳೆಯಲು ಹೊರಟೆ. ನಾಲ್ಕೂ ಕಡೆಯಿಂದ ಒಟ್ಟಿಗೆ ಕೂಗು ಎದ್ದಿತು. ಜೂನಜ್ಜಿಯ ಕೈ ಹೆಗಲ ಮೇಲಿದ್ದ ಟವೆಲಿಗೆ ಹೋಯಿತು. ಅದು ಅದೇ ಟವೆಲು. ಈಗ ಪೂರ್ತಿ ಹಳದಿ. “ಇದನ್ನು ನೀವು ಊರಿಗೆ ಹೋಗುವವರೆಗೆ ಕೈಯಲ್ಲೇ ಇಟ್ಟುಕೊಳ್ಳುತ್ತೇನೆ” ಎಂದರು. ಅಭ್ಯಾಸವು ಅರಿವಿಗಿಂತ ಎಷ್ಟು ವೇಗವಾಗಿ ಓಡುತ್ತದೆಂಬುದಕ್ಕೆ ನನಗೆ ಬೇರೆ ಉದಾಹರಣೆ ಬೇಕಿಲ್ಲ.

ಮನೆಗೆ ಮರಳುವಾಗ ರುಬ್ಬುವ ಯಂತ್ರದ ಸದ್ದು ಬೀದಿಗೆ ಕೇಳಿಸುತ್ತಿತ್ತು. ಅಕ್ಕ ಒಪ್ಪಿಗೆ ಪತ್ರಕ್ಕೆ ಕಾಯದೆ ಅಕ್ಕಿ ನೆನೆಹಾಕಿಬಿಟ್ಟಿದ್ದಳು. “ಬರ್ಲಿ ಬಿಡ್ಲಿ, ಇಡೀ ಬೀದಿಗೆ ದೋಸೆ ಹಾಕಿ ಹಂಚ್ತೀನಿ” ಎಂದಳು. ಸಂಜೆ ನಾಲ್ಕರ ಸುಮಾರಿಗೆ ಫೋನು ಟಿಣ್ ಎಂದಿತು. ಅಕ್ಕನ ಕೈಯಲ್ಲಿ ಹಿಟ್ಟು. “ನೀನೇ ಓದೇ” ಎಂದು ಕಣ್ಣು ಮುಚ್ಚಿಕೊಂಡಳು.

ಒಪ್ಪಿಗೆ ಬಂದಿತ್ತು. ಜೊತೆಗೊಂದು ಸಾಲು: ಬುಧವಾರದ ಘಟನೆಯನ್ನು ಸುರಿದವರು ತಾವಾಗಿಯೇ ಒಪ್ಪಿಕೊಂಡಿದ್ದಾರೆ, ಗಾಡಿಯ ಮಾಲೀಕರ ತ್ಯಾಜ್ಯನೀರಿನ ವ್ಯವಸ್ಥೆ ಸರಿಯಾಗಿದೆ, ಈ ಬಗ್ಗೆ ಮುಂದಿನ ಕ್ರಮವಿಲ್ಲ. ಅಕ್ಕ ಹಿಟ್ಟಿನ ಕೈಯಲ್ಲೇ ನನ್ನನ್ನು ಅಪ್ಪಿಕೊಂಡಳು. ಆ ಸೀರೆಯನ್ನು ಒಳಗಿನ ತೊಟ್ಟಿಯಲ್ಲಿಯೇ ತೊಳೆದೆನೆಂದು ದಾಖಲೆಗಾಗಿ ಹೇಳುತ್ತೇನೆ.

ಶನಿವಾರ: ಸಂತೆ

ಬೆಳಿಗ್ಗೆ ಇನ್ನೊಮ್ಮೆ ದೃಷ್ಟಿ ತೆಗೆದೆವು. ಈ ಸಲ ಒಂದೇ ತಟ್ಟೆ, ಸುಣ್ಣವಿಲ್ಲದೆ ಒಂದು ಚಿಟಿಕೆ ಕುಂಕುಮ, ಸುರಿದದ್ದು ಹಿತ್ತಿಲಿನ ಗಿಡದ ಬುಡಕ್ಕೆ. ಯಾರೂ ತುಳಿಯದ ಜಾಗಕ್ಕೆ ಸುರಿಯಬೇಕೆಂದು ನಮ್ಮಜ್ಜಿಯೂ ಹೇಳುತ್ತಿದ್ದರೆಂದು ಅಕ್ಕ ನೆನಪಿಸಿದಳು. ಸಂಪ್ರದಾಯಕ್ಕೂ ಪುರಸಭೆಗೂ ಜಗಳವೇ ಇರಲಿಲ್ಲ. ಮರೆತಿದ್ದವಳು ನಾನು.

ಮೊದಲ ದೋಸೆ ಕಾವಲಿಗೆ ಅಂಟಿತು. ಎರಡನೆಯದು ಭಾವನ ಪಾಲಾಯಿತು. ಮೂರನೆಯದರಿಂದ ಸಾಲು ನಿಂತಿತು. ಸಾಲಿನಲ್ಲಿ ಮೊದಲು ಜೂನಜ್ಜಿ, ಅವರ ಹಿಂದೆ ಮೆರೆ, ಆ ದಿನ ರಬ್ಬರ್ ಬೂಟಿಲ್ಲದೆ. ಚಟ್ನಿಯ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಮೆರೆ ನನ್ನನ್ನು ಸಹಜವಾಗಿ ಕೇಳಿದರು: “ನಿಮ್ಮೂರಿನಲ್ಲಿ ನಿಮ್ಮ ಮನೆಯ ಮುಂದಿನ ಚರಂಡಿ ಎಲ್ಲಿ ಹೋಗಿ ಸೇರುತ್ತದೆ?”

ಬಾಯಿ ತೆರೆದೆ. ರಾಜಕಾಲುವೆಗಳ ಇತಿಹಾಸ ಗೊತ್ತಿತ್ತು, ನಿಯಮಗಳು ಗೊತ್ತಿದ್ದವು, ಮನವಿಗಳ ಪ್ರತಿಗಳು ಫೋನಿನಲ್ಲಿದ್ದವು. ಇಷ್ಟು ಸರಳವಾದ ಸಂಗತಿ ಗೊತ್ತಿರಲಿಲ್ಲ. “ತಿಳಿದು ಹೇಳುತ್ತೇನೆ” ಎಂದೆ.

ಜೆ.ಪಿ. ನಗರ

ಊರಿಗೆ ಬಂದ ಮರುದಿನ ಬೆಳಿಗ್ಗೆ ಗೇಟಿನ ಬಳಿ ಬಕೆಟ್ಟಿನ ಸದ್ದು ಕೇಳಿ ಓಡಿಬಂದೆ. “ಮಂಜುಳಮ್ಮ, ನಿಲ್ಲಿ ನಿಲ್ಲಿ!”

“ಏನಕ್ಕ, ಹಾವಾ?” ಎಂದು ಅವರು ಹಿಂದಕ್ಕೆ ಹಾರಿದರು.

ಕಟ್ಟೆಯ ಮೇಲೆ ಕುಳಿತು ಕಾಫಿ ಕುಡಿಯುತ್ತ ಕಥೆಯೆಲ್ಲ ಹೇಳಿದೆ. ಅಜ್ಜಿ ಟವೆಲಿನ ಮೇಲೆ ಕಾಲೂರಿ ಕುಳಿತದ್ದಕ್ಕೆ ಮಂಜುಳಮ್ಮ ಬಿದ್ದು ಬಿದ್ದು ನಕ್ಕರು. ಕೊನೆಗೆ ನಾನು ಗಂಭೀರವಾಗಿ, “ನಮ್ಮ ಈ ನೀರು ಎಲ್ಲಿಗೆ ಹೋಗತ್ತೆ ಅಂತ ಕಂಡುಹಿಡೀಬೇಕು. ಆಫೀಸಿಗೆ ಅರ್ಜಿ ಹಾಕಿ ನಕ್ಷೆ ತರಿಸ್ತೀನಿ” ಎಂದೆ.

“ನಕ್ಷೆ ಯಾಕಕ್ಕ? ನಮ್ಮನೆ ಹಿಂದೆ ಬರ್ತದೆ.”

“ಏನು?”

“ಈ ಮೋರಿನೇ. ಇಲ್ಲಿಂದ ಕೆಳಗಿಳಿದು, ದೊಡ್ಡ ಕಾಲುವೆ ಸೇರಿ, ನಮ್ಮ ವಠಾರದ ಹಿಂದೆ ಹಾದು ಕೆರೆಗೆ ಹೋಗ್ತದೆ. ಬೆಳಿಗ್ಗೆ ಇಲ್ಲಿ ನಾನೇ ಸೋಪ್ ನೀರು ತಳ್ತೀನಿ. ಮನೆಗ್ ಹೋದ್ರೆ ಅದೇ ನೊರೆ ನೋಡಿ ನಾನೇ ಮೂಗು ಮುಚ್ಕೋತೀನಿ.”

“ಇಷ್ಟು ವರ್ಷದಿಂದ ಒಂದ್ಸಲನೂ ಹೇಳ್ಲಿಲ್ವಲ್ಲ ಮಂಜುಳಮ್ಮ!”

“ನೀವು ಭಾಷಣ ಮಾಡ್ತಿದ್ರಲ್ಲಕ್ಕ. ಮಧ್ಯದಲ್ಲಿ ಹೆಂಗ್ ಮಾತಾಡೋದು?” ಎಂದು ಲೋಟ ತೊಳೆಯಲು ಒಳಗೆ ಹೋದರು.

ಆ ಭಾನುವಾರ ನಾವಿಬ್ಬರೂ ಮೋರಿಯ ಜೊತೆ ನಡೆದೆವು. ಅವರು ಮುಂದೆ, ನಾನು ಹಿಂದೆ. ನಮ್ಮ ಗೇಟಿನಿಂದ ಅವರ ವಠಾರಕ್ಕೆ ಅರ್ಧ ಗಂಟೆಯ ನಡಿಗೆ, ಅಲ್ಲಿಂದ ಕೆರೆಯ ಏರಿಗೆ ಹತ್ತು ನಿಮಿಷ. ನಾನು ಪ್ರತಿ ವಾರ ನಡೆಯುವ ಅದೇ ಏರಿ. ಏರಿಯ ಆ ತುದಿಗೆ ನಾನು ಒಮ್ಮೆಯೂ ಹೋಗಿರಲಿಲ್ಲ. ಕಾಲುವೆ ಕೆರೆ ಸೇರುವ ಬಾಯಿಯಲ್ಲಿ ನಿಂತು ಮೆರೆಗೆ ಒಂದು ಚಿತ್ರ ಕಳಿಸಿ, ‘ಉತ್ತರ ಸಿಕ್ಕಿತು’ ಎಂದು ಬರೆದೆ. ಮಂಜುಳಮ್ಮನ ಮನೆಯಲ್ಲಿ ಉಪ್ಪಿಟ್ಟು ತಿಂದೆ. ಹಿಂದಿನ ಕಿಟಕಿ ಮುಚ್ಚಿತ್ತು. ಏಕೆಂದು ಕೇಳಬೇಕಾಗಲಿಲ್ಲ.

ಈಗ ನಮ್ಮ ಗೇಟಿನ ಮುಂದೆ ಪೊರಕೆಯ ಕೆಲಸವಷ್ಟೇ, ಸೋಪಿಲ್ಲ. ರಂಗೋಲಿಗೆ ಒಂದು ಚೊಂಬು ಬರಿ ನೀರು ಸಾಕಾಗುತ್ತದೆ. ನಮ್ಮ ಗುಂಪಿನ ಕಳೆದ ಸಭೆಯಲ್ಲಿ ಮೊದಲು ಮಾತನಾಡಿದವರು ಮಂಜುಳಮ್ಮ, ನಾನು ಬರೆದುಕೊಂಡೆ. ಎದುರುಮನೆಯ ಅಂಕಲ್‌ಗೆ ನಾನು ಸಿದ್ಧಪಡಿಸಿದ್ದ ವಾಕ್ಯವನ್ನು ಹೇಳಲೇ ಇಲ್ಲ. “ಬನ್ನಿ ಅಂಕಲ್, ಒಂದು ವಾಕ್ ಹೋಗಿ ಬರೋಣ” ಎಂದೆ. ಮರುವಾರದಿಂದ ಅವರ ಕಾರಿಗೆ ಅರ್ಧ ಬಕೆಟ್ ನೀರು, ಒಂದು ಒದ್ದೆ ಬಟ್ಟೆ.

ಓದುಗರೇ, ನಿಯಮಗಳು ಬೇಕು. ಅವನ್ನು ಕೇಳುವುದನ್ನು ನಾನು ಬಿಡುವುದಿಲ್ಲ. ಆದರೆ ನಿಮ್ಮಲ್ಲಿ ಇವತ್ತು ನಾನು ಕೇಳುವುದು ಒಂದೇ. ಈ ಭಾನುವಾರ ನಿಮ್ಮ ಮನೆಯ ಮುಂದಿನ ಮೋರಿಯ ಜೊತೆ, ಅದರ ನೀರು ಹೋಗಿ ಸೇರುವ ಜಾಗದವರೆಗೆ, ದಯವಿಟ್ಟು ಒಮ್ಮೆ ನಡೆಯಿರಿ. ದಾರಿ ತಿಳಿಯದಿದ್ದರೆ, ನಿಮ್ಮ ಅಂಗಳ ತೊಳೆಯುವವರನ್ನು ಕೇಳಿ.